ಹವಳದ ತೊಟ್ಟಿ: ನೀರಿನ ತಾಪಮಾನದ ಅಳತೆ ಮತ್ತು ಹತೋಟಿ

ಜೀವಂತ ಹವಳಗಳನ್ನೂ ಅವುಗಳ ಒಡನಾಡಿಗಳಾದ ಮೀನು, ಸಿಗಡಿ, ಬಸವನಹುಳುಗಳನ್ನೂ ಉಪ್ಪುನೀರಿನಲ್ಲಿ ಸಾಕುವ ಗಾಜಿನ ತೊಟ್ಟಿಗೆ ಹವಳದ ತೊಟ್ಟಿ ಎಂದು ಹೆಸರು. ಸಾಕುವವರ ಬಾಯಲ್ಲಿ ಅದು ‘ರೀಫ್ ಟ್ಯಾಂಕ್’. ಅದರ ನೀರಿನಲ್ಲಿ ಕಣ್ಣಿಟ್ಟು ನೋಡಬೇಕಾದ ಗುಣಗಳು ಹಲವು: ಲವಣಾಂಶ, ಕ್ಷಾರತೆ, ಕ್ಯಾಲ್ಸಿಯಂ, ನೈಟ್ರೇಟ್, ಫಾಸ್ಫೇಟ್. ಇವೆಲ್ಲ ಹದ ತಪ್ಪುವುದಕ್ಕೆ ದಿನಗಳೋ ವಾರಗಳೋ ಹಿಡಿಯುತ್ತವೆ. ತಾಪಮಾನಕ್ಕೆ ಒಂದು ರಾತ್ರಿ ಸಾಕು. ಹೀಟರಿನೊಳಗೆ ಬೆಂಕಿಕಡ್ಡಿಗಿಂತ ಚಿಕ್ಕದಾದ ಲೋಹದ ಪಟ್ಟಿಯೊಂದು ಅಂಟಿಕೊಂಡರೆ, ನಾಲ್ಕೈದು ವರ್ಷ ಬೆಳೆಸಿದ ಹವಳ ಬೆಳಗಾಗುವುದರೊಳಗೆ ಬೆಂದುಹೋಗುತ್ತದೆ.

ಈ ಹವ್ಯಾಸದ ಪುಸ್ತಕಗಳು, ಸಲಕರಣೆಗಳು ಹೆಚ್ಚಾಗಿ ಬಂದದ್ದು ಚಳಿ ದೇಶಗಳಿಂದ. ಹಾಗಾಗಿ ತಾಪಮಾನ ಎಂದೊಡನೆ ಅವು ಮೊದಲು ಹೀಟರಿನ ಮಾತು ತೆಗೆಯುತ್ತವೆ. ಆದರೆ ಮನೆಯೊಳಗೆ ಹವಳ ಸಾಕುವ ದಾರಿಯನ್ನು ಮೊದಲು ತೋರಿದವರಲ್ಲಿ ಒಬ್ಬರಾದ ಲೀ ಚಿನ್ ಎಂಗ್ ಇದ್ದದ್ದು ಸಮಭಾಜಕ ವೃತ್ತಕ್ಕೆ ಹತ್ತಿರದ ಜಕಾರ್ತಾದಲ್ಲಿ. ಸಮುದ್ರದ ನೀರು, ಜೀವಿಗಳು ನೆಲೆಸಿದ ಬಂಡೆ, ಗಾಳಿಗುಳ್ಳೆ, ಸೂರ್ಯನ ಬೆಳಕು, ಇಷ್ಟರಲ್ಲೇ ತೊಟ್ಟಿ ನಡೆಸುವ ತಮ್ಮ ಕ್ರಮವನ್ನು ಅವರು 1961ರಲ್ಲಿ ‘ಟ್ರಾಪಿಕಲ್ ಫಿಶ್ ಹಾಬಿಯಿಸ್ಟ್’ ಪತ್ರಿಕೆಯಲ್ಲಿ ವಿವರಿಸಿದರು. ಬಿಸಿ ನಾಡಿನ ಮನೆಯಲ್ಲಿ ನೀರು ಕಾಯಿಸುವ ತಲೆನೋವು ಕಡಿಮೆ. ಇಳಿಸುವ ತಲೆನೋವೇ ಹೆಚ್ಚು. ಈ ಎರಡಕ್ಕೂ ಬೇಕಾದ ಭೌತಶಾಸ್ತ್ರ ಒಂದೇ ಆದರೂ ಉಪಾಯಗಳು ಬೇರೆ, ಅಪಾಯಗಳೂ ಬೇರೆ.

ಸಮುದ್ರದ ಅಂಕಿ, ತೊಟ್ಟಿಯ ಅಂಕಿ

ಎಷ್ಟು ಡಿಗ್ರಿ ಇರಬೇಕು ಎಂಬ ಪ್ರಶ್ನೆಗೆ ಸಾಕುವವರಲ್ಲಿ ಸಿದ್ಧ ಉತ್ತರವಿದೆ: 24ರಿಂದ 27 ಡಿಗ್ರಿ ಸೆಲ್ಸಿಯಸ್. ಅಮೆರಿಕದವರು 78 ಎನ್ನುತ್ತಾರೆ. ಅದು ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ 25.6. ಸಮುದ್ರ ಮಾತ್ರ ಇಷ್ಟು ಅಚ್ಚುಕಟ್ಟಾಗಿಲ್ಲ. ಜೋನಿ ಕ್ಲೈಪಸ್ ಮತ್ತು ಸಂಗಡಿಗರು 1999ರಲ್ಲಿ ಜಗತ್ತಿನ ಹವಳ ದಿಬ್ಬಗಳ ಪರಿಸರದ ಮಿತಿಗಳನ್ನು ಒಟ್ಟುಗೂಡಿಸಿದಾಗ ದಿಬ್ಬಗಳ ಸುತ್ತಲಿನ ನೀರಿನ ಸರಾಸರಿ ಸುಮಾರು 27.6 ಡಿಗ್ರಿ ಬಂತು. ಕೆಳಗಿನ ತುದಿ 16, ಮೇಲಿನ ತುದಿ 34ಕ್ಕೂ ತುಸು ಹೆಚ್ಚು. ಅಂದರೆ ಸರಾಸರಿ ದಿಬ್ಬವು ಸರಾಸರಿ ತೊಟ್ಟಿಗಿಂತ ಬೆಚ್ಚಗಿದೆ.

ಹಾಗಿದ್ದರೂ ತೊಟ್ಟಿಯನ್ನು ಒಂದೆರಡು ಡಿಗ್ರಿ ಕೆಳಗೇ ಇಡುವುದಕ್ಕೆ ಕಾರಣವಿದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರಬಲ್ಲ ಆಮ್ಲಜನಕ ಕಡಿಮೆಯಾಗುತ್ತದೆ. ಸಮುದ್ರದ ನೀರು 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 6.7 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ, 30 ಡಿಗ್ರಿಯಲ್ಲಿ 6.2 ಅಷ್ಟೇ. ಅತ್ತ ಮೀನು, ಹವಳ, ಬ್ಯಾಕ್ಟೀರಿಯಾಗಳ ಉಸಿರಾಟ ಬಿಸಿಯೊಂದಿಗೆ ಚುರುಕಾಗುತ್ತದೆ. ಖರ್ಚು ಏರುವ ಹೊತ್ತಿನಲ್ಲೇ ವರಮಾನ ಇಳಿದಂತೆ. ರಾತ್ರಿ ದೀಪ ಆರಿದ ಮೇಲೆ ಪಾಚಿಗಳಿಂದ ಬರುವ ಆಮ್ಲಜನಕವೂ ನಿಲ್ಲುತ್ತದೆ; ಬಿಸಿಯ ರಾತ್ರಿಯ ಕೊನೆಯ ಜಾವದಲ್ಲಿ ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆಯುವುದು ಇದರಿಂದಲೇ. ಇನ್ನೊಂದು ಕಾರಣ ಸರಳ: 25.5ರಲ್ಲಿರುವ ತೊಟ್ಟಿಗೆ ಕರೆಂಟು ಕೈಕೊಟ್ಟರೆ ಅಪಾಯದ ಗೆರೆ ಮುಟ್ಟುವ ಮೊದಲು ಕೆಲವು ಗಂಟೆಗಳ ಕಾಲಾವಕಾಶವಿದೆ, 28.5ರಲ್ಲಿರುವ ತೊಟ್ಟಿಗೆ ಅದಿಲ್ಲ.

ಆ ಅಪಾಯದ ಗೆರೆ ಎಲ್ಲಿದೆ ಎಂಬುದು ಹವಳ ಯಾವ ನೀರಿನದು ಎಂಬುದರ ಮೇಲೆ ನಿಂತಿದೆ. 1970ರ ದಶಕದಲ್ಲಿ ಸ್ಟೀವ್ ಕೋಲ್ಸ್, ಪಾಲ್ ಜೋಕಿಯಲ್ ಮತ್ತು ಜೊತೆಗಾರರು ಹವಾಯಿಯ ಹವಳಗಳನ್ನು ಮಾರ್ಷಲ್ ದ್ವೀಪಗಳ ಎನಿವೆಟಾಕ್‌ನ ಹವಳಗಳೊಂದಿಗೆ ಹೋಲಿಸಿದರು. ಬೆಚ್ಚನೆಯ ಎನಿವೆಟಾಕ್‌ನವು ಸುಮಾರು 2 ಡಿಗ್ರಿ ಹೆಚ್ಚು ಬಿಸಿ ತಾಳಿದವು. ಪರ್ಷಿಯನ್ ಕೊಲ್ಲಿಯ ಹವಳಗಳು ಬೇಸಿಗೆಯಲ್ಲಿ 34 ಡಿಗ್ರಿ ದಾಟಿದ ನೀರಿನಲ್ಲೂ ಬದುಕುತ್ತವೆ. ಅಮೆರಿಕನ್ ಸಮೋವಾದ ಓಫು ದ್ವೀಪದಲ್ಲಿ ಇಳಿತದ ಹೊತ್ತಿಗೆ ದಂಡೆಯ ಹಿಂದಿನ ಮಡುಗಳು ಸಮುದ್ರದಿಂದ ಬೇರ್ಪಡುತ್ತವೆ. ಅಲ್ಲಿನ ನೀರು ಕೆಲವು ಗಂಟೆಗಳಲ್ಲಿ ಹಲವು ಡಿಗ್ರಿ ಏರಿ ಇಳಿಯುತ್ತದೆ. ಅಂಥ ಏರಿಳಿತದ ಮಡುವಿನಲ್ಲಿ ಬೆಳೆದ ಅಕ್ರೊಪೋರಾ ಹವಳಗಳು ಪಕ್ಕದ ಶಾಂತ ಮಡುವಿನ ಸೋದರರಿಗಿಂತ ಬಿಸಿಯನ್ನು ಚೆನ್ನಾಗಿ ಎದುರಿಸಿದ್ದನ್ನು ಟಾಮ್ ಒಲಿವರ್ ಮತ್ತು ಸ್ಟೀಫನ್ ಪಲುಂಬಿ 2011ರಲ್ಲಿ ದಾಖಲಿಸಿದರು. ಹಗಲಿಗೂ ರಾತ್ರಿಗೂ ಅರ್ಧ ಡಿಗ್ರಿ ವ್ಯತ್ಯಾಸ ಬಂತೆಂದು ನಿದ್ದೆಗೆಡುವವರು ಇದನ್ನು ನೆನೆದು ಸಮಾಧಾನ ಪಡಬಹುದು. ಒಂದು ಡಿಗ್ರಿಯ ಒಳಗಿನ ದೈನಂದಿನ ಏರಿಳಿತ ಹವಳಕ್ಕೆ ಹೊಸದಲ್ಲ. ಹವಳ ತಾಳದೇ ಇರುವುದು ಅಭ್ಯಾಸಕ್ಕಿಂತ ಮೇಲೇರಿ ಅಲ್ಲೇ ನಿಂತುಬಿಡುವ ಬಿಸಿಯನ್ನು.

ಅದರ ಪರಿಣಾಮವೇ ಬಿಳಿಚಿಕೊಳ್ಳುವಿಕೆ. ದಿಬ್ಬ ಕಟ್ಟುವ ಹವಳದ ಅಂಗಾಂಶದೊಳಗೆ ಝೂಕ್ಸಾಂಥೆಲೆ ಎಂಬ ಏಕಕೋಶ ಪಾಚಿಗಳು ವಾಸವಾಗಿರುತ್ತವೆ. ದ್ಯುತಿಸಂಶ್ಲೇಷಣೆಯಿಂದ ಅವು ತಯಾರಿಸುವ ಸಕ್ಕರೆಯೇ ಹವಳದ ಮುಖ್ಯ ಆಹಾರ. ಹವಳದ ಬಣ್ಣದಲ್ಲೂ ಅವುಗಳ ಪಾಲು ದೊಡ್ಡದು. ಬಿಸಿ ಹೆಚ್ಚಾದಾಗ ಪಾಚಿಯ ಬೆಳಕು ಹಿಡಿಯುವ ಯಂತ್ರ ಕೆಡುತ್ತದೆ, ವಿಷಕಾರಿ ಆಮ್ಲಜನಕ ಕಣಗಳು ಹುಟ್ಟುತ್ತವೆ, ಹವಳ ಪಾಚಿಯನ್ನು ಹೊರಹಾಕುತ್ತದೆ. ಉಳಿಯುವುದು ಪಾರದರ್ಶಕ ಚರ್ಮ, ಅದರಡಿಯಲ್ಲಿ ಸುಣ್ಣದ ಬಿಳಿ ಅಸ್ಥಿಪಂಜರ. ಬಿಳಿಚಿದ ಹವಳ ಸತ್ತಿಲ್ಲ, ಉಪವಾಸವಿದೆ. ಬೇಗ ತಂಪಾದರೆ ಚೇತರಿಸಿಕೊಳ್ಳಬಹುದು. ಬಿಸಿಯೊಂದಿಗೆ ಪ್ರಖರ ಬೆಳಕೂ ಸೇರಿದರೆ ಹಾನಿ ಇಮ್ಮಡಿಸುತ್ತದೆ ಎಂಬುದನ್ನು ತೊಟ್ಟಿಯವರು ವಿಶೇಷವಾಗಿ ಗಮನಿಸಬೇಕು. ದೀಪದ ಗುಂಡಿ ಅವರ ಕೈಯಲ್ಲೇ ಇದೆ.

ಸಮುದ್ರದಲ್ಲಿ ಈ ಒತ್ತಡವನ್ನು ಅಳೆಯಲು ಅಮೆರಿಕದ ‘ನೋವಾ’ ಸಂಸ್ಥೆ ಒಂದು ಮಾನ ಬಳಸುತ್ತದೆ. ಆಯಾ ಜಾಗದ ಅತಿ ಬಿಸಿ ತಿಂಗಳ ಸರಾಸರಿಗಿಂತ ಕನಿಷ್ಠ 1 ಡಿಗ್ರಿ ಮೇಲಿದ್ದ ಬಿಸಿಯನ್ನು ವಾರಗಳಿಂದ ಗುಣಿಸಿ, 12 ವಾರಗಳ ಮೊತ್ತ ತೆಗೆಯುವುದು. ಮೊತ್ತ 4 ಮುಟ್ಟಿದರೆ ಗಣನೀಯ ಬಿಳಿಚುವಿಕೆ, 8 ದಾಟಿದರೆ ವ್ಯಾಪಕ ಸಾವು ನಿರೀಕ್ಷಿತ. ಇದು ಕಾಗದದ ಲೆಕ್ಕವಲ್ಲ ಎಂಬುದಕ್ಕೆ ಲಕ್ಷದ್ವೀಪವೇ ಸಾಕ್ಷಿ. 1998, 2010 ಮತ್ತು 2016ರಲ್ಲಿ ಅಲ್ಲಿನ ದಿಬ್ಬಗಳು ಬಿಳಿಚಿದವು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಸಂಶೋಧಕರು 1998ರಿಂದ ಅಲ್ಲಿ ಮುಳುಗಿ ಅಳೆಯುತ್ತ ಬಂದಿದ್ದಾರೆ. ಅವರ ಲೆಕ್ಕದಂತೆ 24 ವರ್ಷಗಳಲ್ಲಿ ಜೀವಂತ ಹವಳದ ಹೊದಿಕೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ.

ನೀರಿನ ಜಮಾ ಖರ್ಚು

ತೊಟ್ಟಿಯ ತಾಪಮಾನವನ್ನು ಅರ್ಥಮಾಡಿಕೊಳ್ಳಲು ಅಂಗಡಿಯ ಖಾತೆ ಪುಸ್ತಕವೇ ಒಳ್ಳೆಯ ಮಾದರಿ. ಒಳಬರುವ ಶಾಖ, ಹೊರಹೋಗುವ ಶಾಖ. ಎರಡೂ ಸಮವಾದಲ್ಲಿ ಅಂಕಿ ನಿಲ್ಲುತ್ತದೆ.

ಒಟ್ಟು 200 ಲೀಟರ್ ನೀರಿರುವ ತೊಟ್ಟಿಯನ್ನು ತೆಗೆದುಕೊಳ್ಳೋಣ. ಇದರಲ್ಲಿ ಕೆಳಗಿನ ಸಂಪಿನ ನೀರೂ ಸೇರಿದೆ. ಇಲ್ಲಿ ಸಂಪು ಎಂದರೆ ಬೆಂಗಳೂರಿನ ಮನೆಗಳ ನೆಲದಡಿಯ ಸಂಪಲ್ಲ; ತೊಟ್ಟಿಯ ಮೇಜಿನ ಒಳಗೆ ಕೂರಿಸಿ ಹೀಟರು, ಪಂಪು, ನೀರಿನ ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರುಗಳನ್ನು ಅಡಗಿಸುವ ಎರಡನೇ ಗಾಜಿನ ಪೆಟ್ಟಿಗೆ. ಇಷ್ಟು ಉಪ್ಪುನೀರನ್ನು 1 ಡಿಗ್ರಿ ಏರಿಸಲು ಸುಮಾರು 820 ಕಿಲೋಜೌಲ್ ಶಾಖ ಬೇಕು. ವಿದ್ಯುತ್ತಿನ ಭಾಷೆಯಲ್ಲಿ ಹೇಳಿದರೆ 228 ವ್ಯಾಟ್ ಒಂದು ಗಂಟೆ. ನೀರಿನೊಳಗೆ ಮುಳುಗಿ ಓಡುವ ಪಂಪು ತಾನು ಕುಡಿದ ಕರೆಂಟನ್ನೆಲ್ಲ ಕಡೆಗೆ ನೀರಿಗೇ ಶಾಖವಾಗಿ ಕೊಡುತ್ತದೆ. ದೀಪದ ಬೆಳಕೂ ನೀರಿಗೆ, ಬಂಡೆಗೆ ಬಿದ್ದು ಶಾಖವಾಗುತ್ತದೆ. ಪಂಪು, ಅಲೆ ಎಬ್ಬಿಸುವ ಯಂತ್ರ, ಸ್ಕಿಮ್ಮರು, ದೀಪ ಎಲ್ಲ ಸೇರಿ ನೀರಿಗೆ 100 ವ್ಯಾಟ್ ಸೇರುತ್ತಿದೆ ಎನ್ನೋಣ. ಏನೂ ಹೊರಹೋಗದಿದ್ದರೆ ಗಂಟೆಗೆ 0.44 ಡಿಗ್ರಿ ಏರಬೇಕು. ವಾಸ್ತವದಲ್ಲಿ ಗಾಜಿನಿಂದ, ಮೇಲ್ಮೈಯಿಂದ ಶಾಖ ಸೋರುತ್ತ ಹೋಗಿ, ನೀರು ಕೋಣೆಗಿಂತ ಒಂದೆರಡು ಡಿಗ್ರಿ ಮೇಲೆ ಎಲ್ಲೋ ನಿಲ್ಲುತ್ತದೆ. ಮುಚ್ಚಳ ಹಾಕಿದ್ದರೆ ಇನ್ನೂ ಮೇಲೆ.

ಎಲ್‌ಇಡಿ ಬರುವ ಮೊದಲು ಈ ಖಾತೆ ತುಂಬಾ ಕೆಟ್ಟದಾಗಿತ್ತು. 1980, 90ರ ದಶಕಗಳ ತೊಟ್ಟಿಗಳ ಮೇಲೆ 250 ಅಥವಾ 400 ವ್ಯಾಟ್‌ನ ಮೆಟಲ್ ಹ್ಯಾಲೈಡ್ ದೀಪಗಳು ಉರಿಯುತ್ತಿದ್ದವು, ದೊಡ್ಡ ತೊಟ್ಟಿಗೆ ಎರಡು ಮೂರು. ಚಳಿ ದೇಶದಲ್ಲೂ ನೀರು ತಣಿಸುವ ಚಿಲ್ಲರ್ ಅನಿವಾರ್ಯವಾದದ್ದು ಆಗ. ಎಲ್‌ಇಡಿಯಲ್ಲೂ ಶಾಖ ಹುಟ್ಟುತ್ತದೆ. ಆದರೆ ಅದರ ದೊಡ್ಡ ಪಾಲು ದೀಪದ ಬೆನ್ನಿನ ಲೋಹದ ರೆಕ್ಕೆಗಳ ಮೂಲಕ ಗಾಳಿಗೆ ಹೋಗುತ್ತದೆ. ಬಿಸಿ ಊರಿನವರು ಚಿಲ್ಲರಿಗೆ ದುಡ್ಡು ಹಾಕುವ ಮೊದಲು ಒಳಬರುವ ಶಾಖವನ್ನು ಕಡಿಮೆ ಮಾಡುವುದು ಅಗ್ಗ: ಹಳೆಯ ಎಸಿ ಪಂಪಿನ ಬದಲು ಕಡಿಮೆ ವ್ಯಾಟ್‌ನ ಡಿಸಿ ಪಂಪು, ತೊಟ್ಟಿಗೆ ಪಶ್ಚಿಮದ ಕಿಟಕಿಯ ಬಿಸಿಲು ಬೀಳದ ಜಾಗ, ಮೇಜಿನ ಹಿಂಬದಿ ಗಾಳಿಯಾಡುವಂತೆ ತೆರವು. ದೀಪವನ್ನು ಮಧ್ಯಾಹ್ನದ ಬದಲು ಸಂಜೆಗೆ ಸರಿಸುವುದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಮಡಕೆಯ ಗುಟ್ಟು

ಖಾತೆಯ ಖರ್ಚಿನ ಕಡೆಯಲ್ಲಿ ಎಲ್ಲಕ್ಕಿಂತ ದೊಡ್ಡ ಬಾಬ್ತು ಆವಿಯಾಗುವಿಕೆ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2,430 ಕಿಲೋಜೌಲ್ ಶಾಖವನ್ನು ಹೊತ್ತೊಯ್ಯುತ್ತದೆ. ಮೇಲಿನ 200 ಲೀಟರ್ ತೊಟ್ಟಿಯಲ್ಲಿ ಅದು ಹತ್ತಿರ ಹತ್ತಿರ 3 ಡಿಗ್ರಿ ಇಳಿಕೆಗೆ ಸಮ. ದಿನಕ್ಕೆ 3 ಲೀಟರ್ ಆರಿಸಿದರೆ ಹಗಲೂ ರಾತ್ರಿ 84 ವ್ಯಾಟ್ ಶಾಖವನ್ನು ಎತ್ತಿ ಹೊರಹಾಕಿದಂತೆ. ಬೇಸಿಗೆಯಲ್ಲಿ ಮಣ್ಣಿನ ಮಡಕೆಯ ನೀರು ತಂಪಾಗುವುದೂ ಇದೇ ಗುಪ್ತೋಷ್ಣದಿಂದ. ತೊಟ್ಟಿಯಲ್ಲಿ ಮಡಕೆಯ ಕೆಲಸ ಮಾಡುವುದು ಫ್ಯಾನು. ಕಂಪ್ಯೂಟರಿನಿಂದ ಬಿಚ್ಚಿದ 12 ವೋಲ್ಟಿನ ಎರಡು ಫ್ಯಾನುಗಳನ್ನು ನೀರಿನ ಮೇಲ್ಮೈಗೆ ಓರೆಯಾಗಿ ಬೀಸುವಂತೆ ಕಟ್ಟಿದರೆ ಸಾಕು, ಎಷ್ಟೋ ತೊಟ್ಟಿಗಳು ಎರಡು ಮೂರು ಡಿಗ್ರಿ ಇಳಿಯುತ್ತವೆ. ಐದು ವ್ಯಾಟ್ ಖರ್ಚಿಗೆ ಇಷ್ಟು ಫಲ ಕೊಡುವ ಸಾಧನ ಈ ಹವ್ಯಾಸದಲ್ಲಿ ಮತ್ತೊಂದಿಲ್ಲ.

ಆದರೆ ಮಡಕೆ ಎಲ್ಲ ಊರಿನಲ್ಲೂ ಒಂದೇ ರೀತಿ ತಂಪು ಕೊಡುವುದಿಲ್ಲ. ಗಾಳಿ ಒಣಗಿದ್ದಷ್ಟೂ ನೀರು ಬೇಗ ಆರುತ್ತದೆ. ಗಾಳಿಯೇ ತೇವದಿಂದ ತುಂಬಿದ್ದರೆ ಬಟ್ಟೆಯೂ ಒಣಗದು, ತೊಟ್ಟಿಯೂ ತಣಿಯದು. ಬೀಸುಗಾಳಿಯಲ್ಲಿ ನೀರು ಎಷ್ಟರವರೆಗೆ ಇಳಿಯಬಹುದೆಂಬ ಮಿತಿಯನ್ನು ಹವಾಮಾನ ಶಾಸ್ತ್ರದಲ್ಲಿ ಆರ್ದ್ರಗೋಲ ತಾಪಮಾನ ಎನ್ನುತ್ತಾರೆ. ಥರ್ಮಾಮೀಟರಿನ ಗುಂಡಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿ ಬೀಸಿದಾಗ ಅದು ತೋರುವ ಅಂಕಿ. ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ ಬಿಸಿ, ಶೇ 25 ಆರ್ದ್ರತೆ ಇದ್ದರೆ ಈ ಮಿತಿ ಸುಮಾರು 20 ಡಿಗ್ರಿ. ಕಲಬುರಗಿಯಲ್ಲಿ 41 ಡಿಗ್ರಿ ಬಿಸಿಲಿದ್ದರೂ ಆರ್ದ್ರತೆ ಶೇ 20 ಇದ್ದ ದಿನ 23ರ ಆಸುಪಾಸು. ಮಂಗಳೂರಿನಲ್ಲಿ ಬಿಸಿಲು ಬರೀ 33 ಇರಬಹುದು. ಆರ್ದ್ರತೆ ಶೇ 70 ಇದ್ದರೆ ಮಿತಿ 28ಕ್ಕೂ ಮೇಲೆ. ಫ್ಯಾನಿನ ತೊಟ್ಟಿ ಈ ಮಿತಿಯನ್ನು ಎಂದೂ ಪೂರ್ತಿ ಮುಟ್ಟುವುದಿಲ್ಲ, ಎರಡು ಮೂರು ಡಿಗ್ರಿ ಮೇಲೆಯೇ ನಿಲ್ಲುತ್ತದೆ. ಹೀಗಾಗಿ ಕಲಬುರಗಿಯ ಬೆಂಕಿಯಂಥ ಬೇಸಿಗೆಯಲ್ಲಿ ಫ್ಯಾನಿನ ಮೇಲೆ ಭರವಸೆ ಇಡಬಹುದು. ಸಮುದ್ರದ ಮಗ್ಗುಲಲ್ಲೇ ಇರುವ ಮಂಗಳೂರಿನಲ್ಲಿ ಸಮುದ್ರದ ಜೀವಿಗೆ ಚಿಲ್ಲರೋ ಏರ್ ಕಂಡಿಷನರೋ ಬೇಕಾಗುತ್ತದೆ. ಊರಿನ ಗರಿಷ್ಠ ತಾಪಮಾನವನ್ನಷ್ಟೇ ನೋಡಿ ಸಲಕರಣೆ ಕೊಳ್ಳುವವರು ಎಡವುವುದು ಇಲ್ಲಿಯೇ. ಬೆಂಗಳೂರು 2016ರ ಏಪ್ರಿಲ್ 24ರಂದು 39.2 ಡಿಗ್ರಿ ಕಂಡಿತು. ಅಂಥ ದಿನದಲ್ಲೂ ಒಣಗಾಳಿಯಿದ್ದರೆ ಫ್ಯಾನಿಗೆ ಕೈಲಾಗುವುದು ಬಹಳ.

ಫ್ಯಾನಿನ ಬೆಲೆ ಬೇರೆ ಕಡೆ ತೆರಬೇಕಾಗುತ್ತದೆ. ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. 200 ಲೀಟರಿನಲ್ಲಿ 4 ಲೀಟರ್ ಆರಿದರೆ ಲವಣಾಂಶ ಸಾವಿರಕ್ಕೆ 35ರಿಂದ 35.7ಕ್ಕೆ ಏರುತ್ತದೆ, ಎರಡು ಮೂರು ದಿನ ಮರೆತರೆ ಬಿಸಿಯಿಂದ ಉಳಿಸಿದ ಹವಳವನ್ನು ಉಪ್ಪು ಸತಾಯಿಸುತ್ತದೆ. ಅದಕ್ಕೇ ಫ್ಯಾನು ಇರುವ ತೊಟ್ಟಿಗೆ ತಾನೇ ಸಿಹಿನೀರು ತುಂಬಿಸುವ ವ್ಯವಸ್ಥೆ ಜೊತೆಗಿರಬೇಕು, ಅದೂ ಆರ್‌ಒ ಮತ್ತು ಡಿಐ ಫಿಲ್ಟರು ಹಾಯ್ದ ಶುದ್ಧ ನೀರು. ಮುಚ್ಚಳ ತೆಗೆಯಬೇಕಾಗುವುದರಿಂದ ಜಿಗಿಯುವ ಮೀನುಗಳಿಗಾಗಿ ಬಲೆಯ ಹೊದಿಕೆ ಬೇಕು. ಕೋಣೆಯ ಕಿಟಕಿ ತೆರೆದಿರಬೇಕು. ಮುಚ್ಚಿದ ಕೋಣೆಯಲ್ಲಿ ಆರಿದ ನೀರು ಆರ್ದ್ರತೆಯನ್ನು ಏರಿಸಿ ಫ್ಯಾನಿನ ಕೈಯನ್ನೇ ಕಟ್ಟಿಹಾಕುತ್ತದೆ.

ಚಿಲ್ಲರ್, ಏರ್ ಕಂಡಿಷನರ್

ಚಿಲ್ಲರ್ ಎಂಬುದು ಫ್ರಿಜ್ಜಿನದೇ ಬಂಧು. ಕಂಪ್ರೆಸರು, ಶೀತಕ ಅನಿಲ, ಹಿಂಬದಿಯ ಬಿಸಿ ಜಾಲರಿ ಎಲ್ಲ ಅದರಲ್ಲಿವೆ. ವ್ಯತ್ಯಾಸವಿರುವುದು ನೀರು ಮುಟ್ಟುವ ಸುರುಳಿಯಲ್ಲಿ, ಅದು ಟೈಟಾನಿಯಂನದು. ಫ್ರಿಜ್ಜಿನ ತಾಮ್ರದ ಸುರುಳಿಯನ್ನೇ ಉಪ್ಪುನೀರಿಗೆ ಇಳಿಸಿದರೆ ಕರಗಿದ ತಾಮ್ರ ಹವಳ, ಸಿಗಡಿಗಳಿಗೆ ವಿಷವಾಗುತ್ತದೆ. ಚಿಲ್ಲರನ್ನು ಕೊಳ್ಳುವಾಗ ಅನೇಕರು ಮರೆಯುವ ಸಂಗತಿಯೊಂದಿದೆ: ಅದು ಶಾಖವನ್ನು ನಾಶ ಮಾಡುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೇ. ನೀರಿನಿಂದ 150 ವ್ಯಾಟ್ ಎಳೆಯಲು 100 ವ್ಯಾಟ್ ಕರೆಂಟು ಕುಡಿದರೆ, 250 ವ್ಯಾಟ್ ಬಿಸಿಗಾಳಿ ಕೋಣೆಗೆ ಬರುತ್ತದೆ. ಅದನ್ನು ತೊಟ್ಟಿಯ ಮೇಜಿನೊಳಗೇ ಬಾಗಿಲು ಹಾಕಿ ಕೂರಿಸಿದರೆ ತಾನೇ ಹೊರಹಾಕಿದ ಬಿಸಿಗಾಳಿಯನ್ನು ತಾನೇ ಎಳೆದುಕೊಂಡು ದಿನವಿಡೀ ಓಡುತ್ತದೆ. ಚಿಲ್ಲರಿಗೆ ಬಾಲ್ಕನಿಯೋ ಪಕ್ಕದ ಕೋಣೆಯೋ ಸರಿಯಾದ ಜಾಗ. ತೀರಾ ಚಿಕ್ಕ ತೊಟ್ಟಿಗಳಿಗೆಂದು ಕಂಪ್ರೆಸರಿಲ್ಲದ ಪೆಲ್ಟಿಯರ್ ಚಿಲ್ಲರುಗಳೂ ಸಿಗುತ್ತವೆ. ಕುಡಿಯುವ ಕರೆಂಟಿಗೆ ಹೋಲಿಸಿದರೆ ಅವು ಕೊಡುವ ತಂಪು ಅತ್ಯಲ್ಪ.

ಮನೆಯವರು ಹೇಗಿದ್ದರೂ ಆ ಕೋಣೆಯಲ್ಲೇ ಎಸಿ ಹಾಕಿ ಮಲಗುವವರಾದರೆ ತೊಟ್ಟಿಯನ್ನೂ ಅಲ್ಲಿಗೆ ಒಯ್ಯುವುದು ಜಾಣತನ. ಎಸಿ ಗಾಳಿಯನ್ನು ಒಣಗಿಸುತ್ತದೆ, ಆದ್ದರಿಂದ ಅದರೊಂದಿಗೆ ಪುಟ್ಟ ಫ್ಯಾನು ಸೇರಿದರೆ ಕರಾವಳಿಯಲ್ಲೂ ಮಡಕೆಯ ಗುಟ್ಟು ಮತ್ತೆ ಕೆಲಸ ಮಾಡುತ್ತದೆ.

ಹೀಟರೆಂಬ ಒಳಶತ್ರು

ಬೆಂಗಳೂರು, ಮೈಸೂರು, ಮಡಿಕೇರಿಗಳ ಡಿಸೆಂಬರ್ ರಾತ್ರಿಗಳಿಗೆ ಹೀಟರು ಬೇಕೇ ಬೇಕು. ಸಾಮಾನ್ಯ ಹೀಟರೆಂದರೆ ಗಾಜಿನ ಕೊಳವೆಯೊಳಗೆ ನೈಕ್ರೋಮ್ ತಂತಿಯ ಸುರುಳಿ, ಅದರ ಮೇಲೆ ದ್ವಿಲೋಹ ಪಟ್ಟಿಯ ಥರ್ಮೋಸ್ಟಾಟ್. ಬಿಸಿಯಾದಾಗ ಪಟ್ಟಿ ಬಾಗಿ ಸಂಪರ್ಕ ಕಡಿಯುತ್ತದೆ, ತಣಿದಾಗ ಮತ್ತೆ ಕೂಡಿಸುತ್ತದೆ. ಪ್ರತಿ ಸಲ ಕೂಡಿ ಬಿಡುವಾಗ ಒಂದು ಸಣ್ಣ ಕಿಡಿ. ಸಾವಿರಾರು ಕಿಡಿಗಳ ನಂತರ ಒಂದು ದಿನ ಎರಡು ಬಿಂದುಗಳು ಬೆಸುಗೆಯಾದಂತೆ ಅಂಟಿಕೊಳ್ಳುತ್ತವೆ. ಆಮೇಲೆ ಹೀಟರು ಆರುವುದೇ ಇಲ್ಲ.

ಇಲ್ಲಿ ಗಾತ್ರದ ಆಯ್ಕೆ ಜೀವ ಉಳಿಸುತ್ತದೆ. ‘ಇರಲಿ, ದೊಡ್ಡದೇ ಇರಲಿ’ ಎಂದು 200 ಲೀಟರ್ ತೊಟ್ಟಿಗೆ 300 ವ್ಯಾಟ್ ಹೀಟರು ಹಾಕಿದವರ ಗತಿ ನೋಡಿ: ಅಂಟಿಕೊಂಡ ಹೀಟರು ಗಂಟೆಗೆ 1.3 ಡಿಗ್ರಿ ಏರಿಸುವಷ್ಟು ಶಾಖ ಸುರಿಯುತ್ತದೆ. ರಾತ್ರಿ ಹನ್ನೊಂದಕ್ಕೆ 25 ಇದ್ದ ನೀರು, ಸೋರಿಕೆ ಕಳೆದರೂ, ಬೆಳಗಿನ ಕಾಫಿಯ ಹೊತ್ತಿಗೆ 30 ದಾಟಿರುತ್ತದೆ. ಅದರ ಬದಲು 75 ವ್ಯಾಟ್‌ನ ಎರಡು ಹೀಟರುಗಳಿದ್ದರೆ, ಒಂದು ಅಂಟಿಕೊಂಡಾಗ ಏರಿಕೆಯ ವೇಗ ಗಂಟೆಗೆ ಗರಿಷ್ಠ 0.33, ನೀರು ಬಿಸಿಯಾದಷ್ಟೂ ಸೋರಿಕೆ ಹೆಚ್ಚಿ ಒಂದು ಹಂತದಲ್ಲಿ ಏರಿಕೆ ನಿಂತುಬಿಡುತ್ತದೆ. ಒಂದು ಸತ್ತುಹೋದರೆ ಇನ್ನೊಂದು ಚಳಿಯನ್ನು ಅರ್ಧವಾದರೂ ತಡೆಯುತ್ತದೆ. ಒಂದು ದೊಡ್ಡದರ ಬದಲು ಎರಡು ಚಿಕ್ಕವು ಎಂಬುದು ಈ ಹವ್ಯಾಸದ ಅನುಭವಿಗಳೆಲ್ಲ ಒಪ್ಪುವ ಕೆಲವೇ ಮಾತುಗಳಲ್ಲಿ ಒಂದು. ಒಳಗೆ ಥರ್ಮೋಸ್ಟಾಟೇ ಇಲ್ಲದ ಟೈಟಾನಿಯಂ ಹೀಟರುಗಳು ಒಡೆಯುವುದಿಲ್ಲ, ಆದರೆ ಅವು ಪೂರ್ತಿ ಹೊರಗಿನ ಕಂಟ್ರೋಲರಿನ, ಅಂದರೆ ತಾಪಮಾನ ನೋಡಿ ಹೀಟರನ್ನು ಹಚ್ಚಿ ಆರಿಸುವ ಪೆಟ್ಟಿಗೆಯ, ಕೈಗೊಂಬೆಗಳು.

ನೀರು ಬದಲಿಸುವಾಗ ಹೀಟರಿನ ಪ್ಲಗ್ ಕೀಳುವುದು ಮರೆಯಬಾರದ ಅಭ್ಯಾಸ. ನೀರಿನ ಮಟ್ಟ ಇಳಿದು ಗಾಜು ಗಾಳಿಗೆ ತೆರೆದುಕೊಂಡು ಕಾದರೆ, ಮತ್ತೆ ತಣ್ಣೀರು ತಾಗಿದೊಡನೆ ಅದು ಸೀಳುತ್ತದೆ. ಆಗ 230 ವೋಲ್ಟ್ ನೇರ ಉಪ್ಪುನೀರಿಗೆ. ತೊಟ್ಟಿಯ ಸಾಲಿಗೆ, ಕರೆಂಟು ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸುವುದು, ಪ್ರತಿ ವೈರನ್ನೂ ಸಾಕೆಟ್ಟಿಗಿಂತ ಕೆಳಗೆ ಜೋತುಬಿಟ್ಟು ಮೇಲೆತ್ತುವುದು ಇದರಿಂದಲೇ. ವೈರು ಹಿಡಿದು ಇಳಿಯುವ ಹನಿ ತಗ್ಗಿನಲ್ಲಿ ಉದುರಿಹೋಗುತ್ತದೆ, ಸಾಕೆಟ್ಟು ಮುಟ್ಟುವುದಿಲ್ಲ.

ಅಳೆಯುವ ಕಡ್ಡಿ ಸುಳ್ಳು ಹೇಳಿದರೆ

ಗಾಜಿನ ಹೊರಗೆ ಅಂಟಿಸುವ ಬಣ್ಣ ಬದಲಿಸುವ ಪಟ್ಟಿ ಅರ್ಧ ನೀರಿನ, ಅರ್ಧ ಕೋಣೆಯ ತಾಪಮಾನ ಹೇಳುತ್ತದೆ, ಅಂದಕ್ಕೆ ಇರಲಿ. ಮದ್ಯಸಾರ ತುಂಬಿದ ಗಾಜಿನ ಥರ್ಮಾಮೀಟರು ಹಳೆಯ ಕಾಲದ್ದಾದರೂ ಬ್ಯಾಟರಿ ಮುಗಿಯುವ ಭಯವಿಲ್ಲ. ಇಂದಿನ ಕಂಟ್ರೋಲರುಗಳಲ್ಲಿ ಬಿಸಿಗೆ ತಕ್ಕಂತೆ ರೋಧ ಬದಲಿಸುವ ಥರ್ಮಿಸ್ಟರ್ ಇರುತ್ತದೆ. ಸ್ವಂತ ಸರ್ಕ್ಯೂಟು ಕಟ್ಟುವವರಿಗೆ ಡಿಎಸ್18ಬಿ20 ಎಂಬ ಚಿಪ್ ಅಚ್ಚುಮೆಚ್ಚು. ಅದು ಡಿಗ್ರಿಯ ಹದಿನಾರನೇ ಒಂದು ಭಾಗದವರೆಗೆ ಅಂಕಿ ತೋರಿಸುತ್ತದೆ, ಆದರೆ ತಯಾರಕರು ಭರವಸೆ ಕೊಡುವ ನಿಖರತೆ ಅರ್ಧ ಡಿಗ್ರಿ ಹಿಂದೆ ಮುಂದೆ ಮಾತ್ರ. ದಶಾಂಶ ಸ್ಥಾನಗಳನ್ನು ಸತ್ಯವೆಂದು ನಂಬುವುದು ತೊಟ್ಟಿಯವರ ಸಾಮಾನ್ಯ ಮೋಹ.

ಸುಳ್ಳು ಹಿಡಿಯುವ ಉಪಾಯ ಅಡುಗೆಮನೆಯಲ್ಲೇ ಇದೆ. ಡಿಸ್ಟಿಲ್ಡ್ ನೀರಿನ ಐಸನ್ನು ಪುಡಿ ಮಾಡಿ, ಅದೇ ನೀರು ಸ್ವಲ್ಪ ಸುರಿದು ಮುದ್ದೆಯಂತೆ ಕಲಸಿ ಪ್ರೋಬನ್ನು, ಅಂದರೆ ನೀರಿನಲ್ಲಿ ಮುಳುಗಿಸುವ ಅಳತೆಯ ಕಡ್ಡಿಯನ್ನು, ಅದ್ದಿದರೆ 0 ತೋರಿಸಬೇಕು. ತೊಟ್ಟಿಯ ಉಪ್ಪುನೀರು ಬಳಸಬಾರದು. ಅದು ಹೆಪ್ಪುಗಟ್ಟುವುದೇ ಸೊನ್ನೆಗಿಂತ ಸುಮಾರು 1.9 ಡಿಗ್ರಿ ಕೆಳಗೆ. ಇನ್ನೊಂದು ತುದಿಗೆ ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರು ಸಾಕು. ಲೋಟದಲ್ಲಿ 38 ಡಿಗ್ರಿಯ ಬಿಸಿನೀರು ಮಾಡಿ ಎರಡನ್ನೂ ಒಟ್ಟಿಗೆ ಅದ್ದಿ ನೋಡಿದರೆ ಪ್ರೋಬು ಎಷ್ಟು ತಪ್ಪು ಹೇಳುತ್ತಿದೆ ಎಂದು ತಿಳಿಯುತ್ತದೆ. ಈ ಬಗೆಯ ವೈದ್ಯಕೀಯ ಸಾಧನ ತನ್ನ ಕಿರಿದಾದ ವ್ಯಾಪ್ತಿಯಲ್ಲಿ ತೊಟ್ಟಿಯ ಯಾವುದೇ ಅಗ್ಗದ ಪ್ರೋಬಿಗಿಂತ ನಂಬಿಕಸ್ಥ.

ಪ್ರೋಬಿನ ಜಾಗವೂ ಮುಖ್ಯ: ಹೀಟರಿಗೆ ಒತ್ತಿಕೊಂಡಿರಬಾರದು, ನೀರು ಹರಿಯುವ ಕಡೆ ಇರಬೇಕು, ಗಟ್ಟಿಯಾಗಿ ಕಟ್ಟಿರಬೇಕು. ಸಂಪಿನಲ್ಲಿ ಸಡಿಲವಾಗಿ ಬಿಟ್ಟ ಪ್ರೋಬು ಜಾರಿ ಹೊರಬಿದ್ದ ಕಥೆ ಈ ಹವ್ಯಾಸದಲ್ಲಿ ಹಳೆಯದು. ಚಳಿಗಾಲದ ಕೋಣೆಯ 20 ಡಿಗ್ರಿಯನ್ನು ಅದು ನೀರಿನದೆಂದು ವರದಿ ಮಾಡುತ್ತದೆ, ಕಂಟ್ರೋಲರು ವಿಧೇಯವಾಗಿ ಹೀಟರು ಉರಿಸುತ್ತದೆ, ಯಾವ ಯಂತ್ರವೂ ಕೆಟ್ಟಿರದಿದ್ದರೂ ತೊಟ್ಟಿ ಕುದಿಯುತ್ತದೆ. ಇದಕ್ಕೆ ಪರಿಹಾರ ಎರಡು ಬೀಗಗಳ ಪದ್ಧತಿ. ಕಂಟ್ರೋಲರಿಗೆ 25.5 ಕೊಟ್ಟು, ಹೀಟರಿನ ಸ್ವಂತ ಥರ್ಮೋಸ್ಟಾಟನ್ನು 27ಕ್ಕೆ ತಿರುಗಿಸಿಡುವುದು. ದಿನನಿತ್ಯ ಕೆಲಸ ಮಾಡುವುದು ಕಂಟ್ರೋಲರು. ಅದು ಎಡವಿದ ದಿನ ಹೀಟರಿನ ಪಟ್ಟಿ ಅಡ್ಡ ನಿಲ್ಲುತ್ತದೆ. ಎರಡೂ ಒಂದೇ ರಾತ್ರಿ ಕೆಡುವ ಸಾಧ್ಯತೆ ಬಹಳ ಕಡಿಮೆ.

ಕಂಟ್ರೋಲರುಗಳಲ್ಲಿ ಅಗ್ಗದ್ದು ಎಸ್‌ಟಿಸಿ-1000, ಶೀತಲ ಪೆಟ್ಟಿಗೆಗಳ ಲೋಕದಿಂದ ಬಂದದ್ದು. ವೈರಿಂಗ್ ನಾವೇ ಮಾಡಿಕೊಳ್ಳಬೇಕು. ಇಂಕ್‌ಬರ್ಡ್ ಐಟಿಸಿ-308 ಪ್ಲಗ್ ಚುಚ್ಚಿದರೆ ಸಾಕು. ಎರಡರಲ್ಲೂ ಬಿಸಿಗೊಂದು, ತಂಪಿಗೊಂದು ದಾರಿ. ನೆಪ್ಚೂನ್ ಅಪೆಕ್ಸ್, ಜಿಎಚ್‌ಎಲ್ ಪ್ರೊಫಿಲಕ್ಸ್‌ನಂಥ ದುಬಾರಿ ವ್ಯವಸ್ಥೆಗಳು ತಾಪಮಾನದ ದಿನಚರಿ ಬರೆದಿಟ್ಟು, ಗೆರೆ ದಾಟಿದರೆ ಫೋನಿಗೆ ಸುದ್ದಿ ಕಳಿಸುತ್ತವೆ. ಯಾವುದೇ ಇರಲಿ, ಬಿಸಿ ಮತ್ತು ತಂಪಿನ ನಡುವೆ ಯಾರೂ ಓಡದ ಖಾಲಿ ಜಾಗ ಬೇಕು: 25.2ಕ್ಕಿಂತ ಇಳಿದರೆ ಹೀಟರು, 26.4 ದಾಟಿದರೆ ಫ್ಯಾನು ಅಥವಾ ಚಿಲ್ಲರು. ಈ ಅಂತರ ತೀರಾ ಕಿರಿದಾದರೆ ಹೀಟರು ಕಾಯಿಸಿದ್ದನ್ನು ಚಿಲ್ಲರು ತಣಿಸುತ್ತ, ಅದು ತಣಿಸಿದ್ದನ್ನು ಇದು ಕಾಯಿಸುತ್ತ ಜಗಳವಾಡುತ್ತವೆ, ಕರೆಂಟ್ ಬಿಲ್ಲು ಮನೆಯ ಯಜಮಾನನಿಗೆ ಬರುತ್ತದೆ. ಚಿಲ್ಲರಿನ ಕಂಪ್ರೆಸರು ನಿಂತ ಮೇಲೆ ಮತ್ತೆ ಹೊರಡುವ ಮೊದಲು ಮೂರ್ನಾಲ್ಕು ನಿಮಿಷ ತಡವಾಗುವಂತೆ ಹೊಂದಿಸುವುದೂ ಅಗತ್ಯ.

ಕರೆಂಟು ಹೋದಾಗ

ಬೇಸಿಗೆಯ ಮಧ್ಯಾಹ್ನ ಕರೆಂಟು ಹೋದರೆ ಮೊದಲ ಅಪಾಯ ಬಿಸಿಯದಲ್ಲ, ಉಸಿರಿನದು. ನೀರು ದೊಡ್ಡ ಉಗ್ರಾಣ, ನಿಧಾನಕ್ಕೆ ಕಾಯುತ್ತದೆ. ಪಂಪು ನಿಂತ ನೀರಿನಲ್ಲಿ ಆಮ್ಲಜನಕ ಅದಕ್ಕಿಂತ ಬೇಗ ಮುಗಿಯುತ್ತದೆ. ಬ್ಯಾಟರಿಯಿಂದ ಓಡುವ ಗಾಳಿಪಂಪು ಅಥವಾ ಇನ್ವರ್ಟರಿಗೆ ಜೋಡಿಸಿದ ಒಂದು ಅಲೆಯಂತ್ರ ತೊಟ್ಟಿಯನ್ನು ಹಲವು ಗಂಟೆ ಕಾಪಾಡುತ್ತದೆ. ಹೀಟರು, ಚಿಲ್ಲರುಗಳನ್ನು ಇನ್ವರ್ಟರಿಗೆ ಕಟ್ಟಿದರೆ ಬ್ಯಾಟರಿ ಹೊತ್ತಿಗೆ ಮುಂಚೆ ಬರಿದಾಗುತ್ತದೆ. ಚಳಿಗಾಲದಲ್ಲಾದರೆ ತೊಟ್ಟಿಗೆ ಕಂಬಳಿ ಹೊದಿಸಿದರೂ ಬಹಳ ಹೊತ್ತು ನಡೆಯುತ್ತದೆ.

ನೀರು 29 ದಾಟಿದ್ದರೆ ಕ್ರಮ ಹೀಗೆ: ದೀಪ ಆರಿಸುವುದು, ಗಾಳಿ ಹೆಚ್ಚಿಸುವುದು, ಫ್ಯಾನು ಹಾಕುವುದು, ಕೊನೆಗೆ ಐಸು. ಐಸನ್ನು ಬಾಟಲಿಯೊಳಗೇ ಇಟ್ಟು ಸಂಪಿನಲ್ಲಿ ತೇಲಿಸಬೇಕು. ನಲ್ಲಿ ನೀರಿನ ಐಸು ನೇರವಾಗಿ ಸುರಿದರೆ ಕ್ಲೋರಿನ್ನೂ ಒಳಬರುತ್ತದೆ, ಲವಣಾಂಶವೂ ಕುಸಿಯುತ್ತದೆ. ಒಂದು ಲೀಟರ್ ಐಸು ಕರಗಿ ತೊಟ್ಟಿಯ ಮಟ್ಟಕ್ಕೆ ಬರುವವರೆಗೆ 200 ಲೀಟರನ್ನು ಸುಮಾರು ಅರ್ಧ ಡಿಗ್ರಿ ಇಳಿಸುತ್ತದೆ, ಆದ್ದರಿಂದ ಒಂದೆರಡು ಬಾಟಲಿಯಿಂದ ಪವಾಡ ನಿರೀಕ್ಷಿಸಬೇಕಿಲ್ಲ, ಗಾಬರಿಯಲ್ಲಿ ಹತ್ತು ಬಾಟಲಿ ಒಟ್ಟಿಗೆ ಹಾಕಲೂ ಬೇಕಿಲ್ಲ. ಇಳಿಕೆ ಗಂಟೆಗಳಲ್ಲಿ ಆಗಲಿ, ನಿಮಿಷಗಳಲ್ಲಿ ಅಲ್ಲ.

ತಾಪಮಾನದ ಮಾತಿಗೆ ಹೊರತಾದರೂ, ಹವಳ ತರುವವರು ಒಂದು ಕಾನೂನನ್ನೂ ಬಲ್ಲವರಾಗಿರಬೇಕು. ಭಾರತದ ಸಮುದ್ರಗಳ ದಿಬ್ಬ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಮುರುಡೇಶ್ವರದೆದುರಿನ ನೇತ್ರಾಣಿ ದ್ವೀಪದಲ್ಲಿ ಮುಳುಗಿದವರು ಅಲ್ಲಿಂದ ತುಂಡೊಂದನ್ನು ತಂದರೂ ಅದು ಅಪರಾಧ. ಗಟ್ಟಿ ಹವಳಗಳ ಅಂತರರಾಷ್ಟ್ರೀಯ ವ್ಯಾಪಾರವೂ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯ ಹಿಡಿತದಲ್ಲಿದೆ.

ತೊಟ್ಟಿಯಲ್ಲಿ ಋತುಗಳು

ಸ್ಥಿರ ತಾಪಮಾನವೇ ಗುರಿ ಎಂಬ ಹಳೆಯ ನಂಬಿಕೆಗೆ ಕುತೂಹಲದ ತಿದ್ದುಪಡಿ ಬಂದದ್ದು ಲಂಡನ್ನಿನಿಂದ. ಅಲ್ಲಿನ ಹಾರ್ನಿಮನ್ ವಸ್ತುಸಂಗ್ರಹಾಲಯದ ಅಕ್ವೇರಿಯಂನಲ್ಲಿ ಜೇಮಿ ಕ್ರ್ಯಾಗ್ಸ್ ಮತ್ತು ಅವರ ತಂಡ, ಹವಳಗಳು ಬಂದ ಸಮುದ್ರದ ವರ್ಷದ ತಾಪಮಾನದ ಏರಿಳಿತ, ಹಗಲಿನ ಉದ್ದ, ಚಂದ್ರನ ಉದಯಾಸ್ತಗಳನ್ನು ಕಂಟ್ರೋಲರಿನ ಮೂಲಕ ತೊಟ್ಟಿಯಲ್ಲಿ ನಕಲು ಮಾಡಿದರು. ನಾಲ್ಕು ಜಾತಿಯ ಅಕ್ರೊಪೋರಾಗಳು ಮುಚ್ಚಿದ ಕೋಣೆಯಲ್ಲೇ, ತಾವು ಬಂದ ಸಮುದ್ರ ಸಾವಿರಾರು ಮೈಲಿ ದೂರವಿದ್ದರೂ, ಲೆಕ್ಕ ಹಾಕಿದ ರಾತ್ರಿಗಳಲ್ಲಿ ಮೊಟ್ಟೆ ವೀರ್ಯಗಳ ಗುಳಿಗೆಗಳನ್ನು ಬಿಟ್ಟವು. 2017ರಲ್ಲಿ ಆ ವಿಧಾನವನ್ನು ಅವರು ಪ್ರಕಟಿಸಿದರು. 2019ರ ಆಗಸ್ಟಿನಲ್ಲಿ ಫ್ಲಾರಿಡಾ ಅಕ್ವೇರಿಯಂ ಅದೇ ದಾರಿ ಹಿಡಿದು, ಕೆರಿಬಿಯನ್ನಿನಲ್ಲಿ ಅಳಿವಿನಂಚಿಗೆ ಬಂದ ಕಂಬ ಹವಳವನ್ನು ಪ್ರಯೋಗಾಲಯದಲ್ಲಿ ಮೊಟ್ಟೆ ಬಿಡುವಂತೆ ಮಾಡಿತು. ಅಟ್ಲಾಂಟಿಕ್ ಹವಳದ ಮಟ್ಟಿಗೆ ಅದು ಮೊದಲನೆಯದು. ನಾಲ್ಕು ವರ್ಷಗಳ ನಂತರ, 2023ರ ಜುಲೈನಲ್ಲಿ, ಅದೇ ಫ್ಲಾರಿಡಾದ ಮ್ಯಾನಟಿ ಕೊಲ್ಲಿಯ ಆಳವಿಲ್ಲದ ನೀರಿನಲ್ಲಿ ಮಾಪಕ 38 ಡಿಗ್ರಿ ದಾಟಿ ತೋರಿಸಿತು. ಆ ವಾರಗಳಲ್ಲಿ ಮುಳುಗುಗಾರರು ಸಮುದ್ರದ ನರ್ಸರಿಗಳಿಂದ ಸಾವಿರಾರು ಹವಳದ ತುಂಡುಗಳನ್ನು ಕಿತ್ತು ದಡದ ಮೇಲಿನ ತಂಪು ತೊಟ್ಟಿಗಳಿಗೆ ಸಾಗಿಸಿದರು.

ಋತುಗಳ ನಕಲು ಈಗ ಮನೆಗೂ ಬಂದಿದೆ. ಅಪೆಕ್ಸ್‌ನಂಥ ಕಂಟ್ರೋಲರಿನಲ್ಲಿ ತಿಂಗಳಿಗೊಂದು ತಾಪಮಾನ ಬರೆಯುವ ಕೋಷ್ಟಕವಿದೆ, ಜನವರಿಯಲ್ಲಿ 24.5, ಮೇ ತಿಂಗಳಲ್ಲಿ 27 ಎಂದು ತುಂಬಿದರೆ ಹೀಟರು, ಫ್ಯಾನುಗಳು ಆ ವಕ್ರರೇಖೆಯನ್ನು ಹಿಂಬಾಲಿಸುತ್ತವೆ. ಇದನ್ನು ಬಳಸುವವರು ವಿರಳ. ಹೆಚ್ಚಿನ ತೊಟ್ಟಿಗಳ ಹನ್ನೆರಡೂ ಖಾನೆಗಳಲ್ಲಿ ಕಾರ್ಖಾನೆಯಿಂದ ಬಂದ ದಿನದ ಅಂಕಿಯೇ ಕುಳಿತಿರುತ್ತದೆ.